ಒಂದು ಚೊಂಬು ತಣ್ಣೀರು

ನಮ್ಮ ಮನೆಯಲ್ಲೊಂದು ಕಟ್ಟುಪಾಡು. ಕಡಗೋಲಿನ ಹಗ್ಗ ಎಳೆಯಲು ಶುರು ಮಾಡಿದವಳು ಬೆಣ್ಣೆ ತೆಗೆಯುವವರೆಗೂ ಹೊಸಿಲು ದಾಟುವಂತಿಲ್ಲ; ಬೇರೆಯವರು ಅವಳ ಹಗ್ಗ ಮುಟ್ಟುವಂತೆಯೂ ಇಲ್ಲ. ತಪ್ಪಿದರೆ ಹಸುವಿನ ಹಾಲು ಬತ್ತುತ್ತದಂತೆ. ಯಾರು ಹೇಳಿದ್ದು ಎಂದರೆ ಅತ್ತೆ ತಮ್ಮ ಅತ್ತೆಯ ಕಡೆ ಕೈ ತೋರಿಸುತ್ತಾರೆ. ಅವರೋ ಗೋಡೆಯ ಮೇಲೆ ಫೋಟೊ ಆಗಿದ್ದಾರೆ, ಇನ್ನು ಯಾರನ್ನು ಕೇಳುವುದು?

ಆ ದಿನ ಹತ್ತು ಗಂಟೆಯ ಬಸ್ಸಿಗೆ ನಾನು ಹೋಗಲೇಬೇಕಿತ್ತು. ಪೇಟೆಯ ಹೊಲಿಗೆ ಶಾಲೆಯಲ್ಲಿ ಟೀಚರ್ ಕೆಲಸಕ್ಕೆ ಸಂದರ್ಶನ. ಮದುವೆಯಾದ ಆರು ವರ್ಷದಲ್ಲಿ ನನ್ನ ಹೆಸರಿಗೆ ಬಂದಿದ್ದ ಒಂದೇ ಒಂದು ಕಾಗದ ಅದು. ಒಂಬತ್ತಕ್ಕೇ ಸೀರೆ ಉಟ್ಟು ಬಂದರೆ, ಅತ್ತೆ ಮೊಸರಿನ ಗಡಿಗೆ ಇಟ್ಟು, ಕಡಗೋಲಿಗೆ ಹಗ್ಗ ಸುತ್ತಿ ಕೂತಿದ್ದರು.

"ನನ್ನ ಬಲಗೈ ರಟ್ಟೆ ಹಿಡ್ಕೊಂಡಿದೆ. ಅರ್ಧ ಗಂಟೆ ಕೆಲಸ, ಕಡೆದಿಟ್ಟು ಹೋಗು."

ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೆ. ಹಗ್ಗ ಹಿಡಿದೆ.

ಒಂಬತ್ತೂವರೆಗೆ ಸಾಸಿವೆಯಷ್ಟು ಬೆಣ್ಣೆ ಕಾಣಿಸಿತು, ಆದರೆ ಒಟ್ಟಾಗಲಿಲ್ಲ. ಅವಸರಕ್ಕೆ ಒಲೆಯ ಮೇಲಿದ್ದ ಬಿಸಿನೀರು ಬಗ್ಗಿಸಿದೆ. ಸ್ವಲ್ಪ ಸಾಕಿತ್ತು, ಚೊಂಬು ಪೂರ್ತಿ ಬಿತ್ತು. ಬಂದ ಬೆಣ್ಣೆಯೂ ಕರಗಿ ಬರೀ ನೊರೆಯಾಯಿತು. ಎಷ್ಟು ಎಳೆದರೂ ನೊರೆಯೇ. ಅತ್ತೆ ಪಕ್ಕದಲ್ಲೇ ಕೂತು ಬೇಳೆ ಆರಿಸುತ್ತಿದ್ದರು.

"ಅತ್ತೆ, ಬೆಣ್ಣೆ ಬರ್ತಿಲ್ಲ. ಸಾಯಂಕಾಲ ಬಂದು ಕಡೀತೀನಿ."

"ಹೋಗಮ್ಮ, ನಿನ್ನಿಷ್ಟ. ನಾಳೆ ಹಸು ಹಾಲು ಬತ್ತಿದ್ರೆ ನನ್ನ ಕೇಳ್ಬೇಡ."

ಆ ಮನೆಯಲ್ಲಿ 'ನಿನ್ನಿಷ್ಟ'ಕ್ಕಿಂತ ಗಟ್ಟಿಯಾದ ಚಿಲಕ ಇರಲಿಲ್ಲ. ನನಗೆ ಆ ಕಟ್ಟುಪಾಡಿನಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ. ಆದರೂ ಕೈ ಹಗ್ಗ ಬಿಡಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ನಾನು ಎಳೆಯುತ್ತಲೇ ಇದ್ದೆ. ಬಸ್ಸು ನಿಂತಿತು, ಹೊರಟಿತು, ಅದರ ಸದ್ದೂ ಹೋಯಿತು.

ಆಗ ಅತ್ತೆ ಮೊರ ಕೆಳಗಿಟ್ಟು ಎದ್ದರು. ಕಿಟಕಿಯ ಹತ್ತಿರ ತಟ್ಟೆ ಮುಚ್ಚಿಟ್ಟಿದ್ದ ಚೊಂಬು ತಂದು ತಣ್ಣೀರು ಸುರಿದರು. ನಾಲ್ಕು ಸಲ ಎಳೆಯುವಷ್ಟರಲ್ಲಿ ಬೆಣ್ಣೆ ಮುದ್ದೆಯಾಗಿ ತೇಲಿತು.

"ಬಿಸಿ ಹೆಚ್ಚಾಗಿತ್ತು. ಇಷ್ಟೇ ಸಾಕಿತ್ತು."

"ಮೊದ್ಲೇ ಹೇಳ್ಬಾರ್ದಿತ್ತಾ ಅತ್ತೆ?"

"ನೀನು ಕೇಳ್ಲಿಲ್ವಲ್ಲ."

ಮೊದಲ ಉಂಡೆ ಕಡೆದವಳ ಬಾಯಿಗೆ, ಅದೂ ಕಟ್ಟುಪಾಡು. ರಟ್ಟೆ ಹಿಡಿದುಕೊಂಡಿದೆ ಎಂದಿದ್ದ ಅದೇ ಬಲಗೈಯಿಂದ ಅತ್ತೆ ಉಂಡೆ ಕಟ್ಟಿ ತಿನ್ನಿಸಿದರು.

"ನಿನ್ನ ಕೈಗುಣ ಚೆನ್ನಾಗಿದೆ. ಇನ್ಮೇಲೆ ದಿನಾ ನೀನೇ ಕಡಿ."

ಬೆಣ್ಣೆ ರುಚಿಯಾಗಿತ್ತು. ಅದು ರುಚಿಯಾಯಿತಲ್ಲ ಎನ್ನುವ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.