ರಿಪೇರಿ ಕ್ಲಾಸಿನ ಮೌಲ್ಯಮಾಪನ

ಮೂವತ್ತೆಂಟು ಮಕ್ಕಳು ಬರುತ್ತಿದ್ದ ಕ್ಲಾಸಿಗೆ ಇದ್ದಕ್ಕಿದ್ದಂತೆ ಮೂರೇ ಮಕ್ಕಳು ಬಂದರೆ ಮೇಷ್ಟ್ರಾದವನು ಏನೆಂದುಕೊಳ್ಳಬೇಕು? ಸುರೇಂದ್ರ ಮೇಷ್ಟ್ರು ಮೊದಲ ದಿನ ಮಳೆ ಜೋರು, ಅದಕ್ಕೇ ಎಂದುಕೊಂಡರು. ಎರಡನೆಯ ದಿನ ಊರಲ್ಲೆಲ್ಲ ಜ್ವರವಂತೆ ಎಂದುಕೊಂಡರು. ಮಳೆ ಬಿಟ್ಟಿತು, ಜ್ವರವೂ ಬಿಟ್ಟಿತು, ತಿಂಗಳೆರಡಾಯಿತು. ಮೂರು ನಾಲ್ಕಾಗಲಿಲ್ಲ.

ಶರಾವತಿ ಹಿನ್ನೀರಿನ ಈಚೆ ದಡದ ಹೈಸ್ಕೂಲಿನಲ್ಲಿ ಅವರು ವಿಜ್ಞಾನದ ಮೇಷ್ಟ್ರು. ಸಾಗರದಲ್ಲಿ ಮನೆ, ಬೈಕಿನಲ್ಲಿ ಓಡಾಟ. ನಾಲ್ಕೂ ಇಪ್ಪತ್ತಕ್ಕೆ ಕೊನೆಯ ಗಂಟೆ ಹೊಡೆದ ಮೇಲೆ ಪ್ರಯೋಗಾಲಯದಲ್ಲಿ ಅವರ ರಿಪೇರಿ ಕ್ಲಾಸು. ಕೆಟ್ಟ ಮಿಕ್ಸಿ, ಸುಟ್ಟ ಇಸ್ತ್ರಿಪೆಟ್ಟಿಗೆ, ಉಸಿರು ನಿಂತ ಟಾರ್ಚು, ಏನನ್ನು ತಂದರೂ ಬಿಚ್ಚಿ ತೋರಿಸಿ ಸರಿಮಾಡುತ್ತಿದ್ದರು. ಪರೀಕ್ಷೆ ಇಲ್ಲ, ಅಂಕ ಇಲ್ಲ, ಬೇಕಾದವರು ಬರಬಹುದು. ಶನಿವಾರ ಬೆಳಗಿನ ಹೊಲಿಗೆ ಕ್ಲಾಸಿಗೆ, ಯಕ್ಷಗಾನದ ಹೆಜ್ಜೆಗೆ ಎಳೆದು ತಂದರೂ ಇಪ್ಪತ್ತು ಮಕ್ಕಳಾಗುತ್ತಿರಲಿಲ್ಲ. ಇವರದಕ್ಕೆ ಹನ್ನೊಂದು ವರ್ಷ ಒಂದೇ ಸಮನೆ ಜನವೋ ಜನ. ಪಾಠಪುಸ್ತಕವನ್ನು ಯಾರು ಬೇಕಾದರೂ ಓದಿಸುತ್ತಾರೆ, ಆದರೆ ತಮ್ಮ ಮುಖ ನೋಡಿಕೊಂಡು ಮಕ್ಕಳು ಬರುವುದು ಇದೊಂದಕ್ಕೆ ಎಂಬ ಹೆಮ್ಮೆ ಅವರಿಗೆ ಒಳಗೊಳಗೇ ಇತ್ತು. ಇರಲಿ ಬಿಡಿ, ಮೇಷ್ಟ್ರಿಗೆ ಅಷ್ಟೂ ಬೇಡವೇ?

ಈಗ ಆ ಹೆಮ್ಮೆಗೇ ಕುತ್ತು ಬಂದಿತ್ತು. ಶಾಲೆ ತನ್ನ ಐಚ್ಛಿಕ ಕ್ಲಾಸುಗಳನ್ನು ವರ್ಷಕ್ಕೊಮ್ಮೆ ತಾನೇ ತೂಗಿ ನೋಡಬೇಕೆಂದು ನಿಯಮ. ಹದಿನೈದು ಮಕ್ಕಳಿಲ್ಲದ ಕ್ಲಾಸನ್ನು ಮುಚ್ಚಿ ಆ ಜಾಗಕ್ಕೆ ಹೊಸತು ತರಬೇಕು. ಹೆಡ್ಮಾಸ್ಟರು ಕೃಷ್ಣಕುಮಾರ್ ಫಾರ್ಮು ಕೊಟ್ಟು, "ಸೋಮವಾರದ ಒಳಗೆ ತುಂಬಿಸಿ ಕೊಡ್ರಿ ಸುರೇಂದ್ರ" ಎಂದಿದ್ದರು.

ಎಲ್ಲಿ ತಪ್ಪಿತು ಎಂದು ಮೇಷ್ಟ್ರು ಹುಡುಕಿದ್ದೇ ಹುಡುಕಿದ್ದು. ಜೂನ್‌ನಲ್ಲಿ ಒಬ್ಬನಿಗೆ ಬೈದಿದ್ದು ನೆನಪಾಗಿ, ಅವನನ್ನು ಕರೆದು ಚಾಕಲೇಟು ಕೊಟ್ಟರು. ಅವನು ಚಾಕಲೇಟು ತಿಂದು ಮನೆಗೆ ಹೋದ. ಬೆಸುಗೆಯ ಹೊಗೆ ಹಿಡಿಸುವುದಿಲ್ಲವೇನೋ ಎಂದು ಫ್ಯಾನು ಹಾಕಿಸಿದರು. ಫ್ಯಾನಿನ ಗಾಳಿಯನ್ನು ಆ ಮೂವರೇ ಕುಡಿದರು.

ಕೊನೆಗೆ ಕನ್ನಡದ ಸೌಜನ್ಯ ಮೇಡಂ ಹೋದ ವರ್ಷ ಮಕ್ಕಳು ತುಂಬಿಕೊಟ್ಟಿದ್ದ ಫಾರ್ಮುಗಳ ಕಟ್ಟನ್ನು ಬೀರುವಿನಿಂದ ಎಳೆದು ತಂದರು.

"ನೋಡಿ ಸರ್, ಎಲ್ರೂ ಐದಕ್ಕೆ ಐದು ಕೊಟ್ಟಿದಾರೆ. ನಂಗೆ ಗಂಡನೂ ಐದಕ್ಕೆ ಐದು ಕೊಡಲ್ಲ."

"ಅದೇ ಮೇಡಂ ಅರ್ಥ ಆಗದೆ ಇರೋದು. ಇಷ್ಟ ಇಲ್ದಿದ್ರೆ ಐದು ಯಾಕೆ ಕೊಡ್ತಾರೆ? ಇಷ್ಟ ಇದ್ರೆ ಯಾಕೆ ಬರಲ್ಲ?"

"ನಿಮಗೆ ಎಂತದು ಇಷ್ಟ ಅಂತ ಕೇಳಿದೀವಲ್ಲ, ಅದಕ್ಕೆ ಹದಿನಾಲ್ಕು ಜನ ಕಿಟಕಿ ಅಂತ ಬರೆದಿದಾರೆ."

ಅದು ಮೇಷ್ಟ್ರಿಗೆ ಚೆನ್ನಾಗಿ ನೆನಪಿತ್ತು. ಗಾಳಿ ಬೆಳಕು ಬೇಕಾಗಿದೆ ಎಂದು ತಿಳಿದು ಕಿಟಕಿಗೆ ಅಡ್ಡವಿದ್ದ ಹಲಸಿನ ಕೊಂಬೆಯನ್ನು ಆಗಲೇ ಕಡಿಸಿದ್ದರು. ಇನ್ನೂ ಒಂಬತ್ತು ಮಂದಿ, ಕ್ಲಾಸು ಐದು ಗಂಟೆಗೇ ಬಿಡಬಾರದು, ಐದೂ ಇಪ್ಪತ್ತರವರೆಗೆ ಇರಲಿ ಎಂದು ಬರೆದಿದ್ದರು. ಅದನ್ನು ಓದಿದ ದಿನ ಮೇಷ್ಟ್ರ ಕಣ್ಣು ಒದ್ದೆಯಾಗಿತ್ತು. ತಮ್ಮ ಫಾರ್ಮಿನ ಸುಧಾರಣೆ ಎಂಬ ಕಾಲಂನಲ್ಲಿ ಎರಡನ್ನೂ ಬರೆದು, ಹೆಡ್ಮಾಸ್ಟರಿಂದ ಶಹಬ್ಬಾಸ್ ಅನ್ನಿಸಿಕೊಂಡಿದ್ದರು.

"ಹಿನ್ನೀರಿಗೆ ಸೇತುವೆ ಆಗಿದ್ದಕ್ಕೇನಾದ್ರೂ ಹೀಗಾಯ್ತೋ?" ಎಂದರು ಸೌಜನ್ಯ ಮೇಡಂ.

"ಎಲ್ಲಾದ್ರೂ ಉಂಟಾ? ಮೊದಲು ಆಚೆ ದಡದ ತುಮರಿ ಕಡೆ ಮಕ್ಕಳು ಲಾಂಚಲ್ಲಿ ನೀರು ದಾಟಬೇಕಿತ್ತು, ಕಷ್ಟ ಇತ್ತು. ಆದ್ರೂ ಬರ್ತಿದ್ರು. ಈಗ ಬಸ್ಸು ಸೀದಾ ಹೋಗ್ತದೆ. ಸುಲಭ ಆದ್ಮೇಲೆ ಇನ್ನೂ ಜಾಸ್ತಿ ಬರಬೇಕಿತ್ತು."

"ಅದೂ ಹೌದು" ಎಂದು ಮೇಡಂ ತಲೆಯಾಡಿಸಿದರು. ಇಬ್ಬರೂ ಓದಿದವರೇ, ಮೇಡಂ ಅಂತೂ ದೀಪದ ಬುಡದಲ್ಲಿ ಕತ್ತಲೆ ಎಂದು ಮಕ್ಕಳಿಂದ ಗಾದೆ ವಿಸ್ತಾರ ಬರೆಸುವವರೇ.

ಗುರುವಾರ ಗಂಟೆ ಹೊಡೆದದ್ದೇ ಮೇಷ್ಟ್ರು ಬಸ್‌ಸ್ಟ್ಯಾಂಡಿಗೆ ನಡೆದರು. ನಾಲ್ಕೂವರೆಯ ಬಸ್ಸಿಗೆ ಮಕ್ಕಳೆಲ್ಲ ಮುತ್ತಿಕೊಂಡಿದ್ದರು. ಅಲ್ಲಿ ಹತ್ತನೆಯ ಕ್ಲಾಸಿನ ತುಂಗಾ ಸಿಕ್ಕಿದಳು. ಎರಡು ವರ್ಷ ಮೊದಲ ಬೆಂಚು ಬಿಡದೆ ಕೂತಿದ್ದ ತುಮರಿಯ ಹುಡುಗಿ ಅವಳು.

"ತುಂಗಾ, ನಿಜ ಹೇಳು. ನಾನು ಬೈಯಲ್ಲ. ಕ್ಲಾಸಿಗೆ ಯಾಕೆ ಬರಲ್ಲ?"

"ಬಸ್ ಬರುತ್ತಲ್ಲ ಸರ್."

"ಆರು ಗಂಟೆಗೂ ಒಂದು ಬಸ್ಸಿದೆ. ಮೊದಲು ಅಷ್ಟೊತ್ತು ಕೂರ್ತಿದ್ಯಲ್ಲ?"

ತುಂಗಾ ಗೆಳತಿಯ ಮುಖ ನೋಡಿದಳು. ಗೆಳತಿ ಚಪ್ಪಲಿ ನೋಡಿಕೊಂಡಳು.

"ಲಾಂಚ್ ಇದ್ದಿದ್ದು ಐದೂವರೆಗೆ ಸರ್. ಅಲ್ಲಿವರೆಗೆ ಎಲ್ಲಿ ಕೂರೋದು? ದಡದಲ್ಲಿ ನಿಂತ್ರೆ ನೆನೀತಿದ್ವಿ. ನಿಮ್ಮ ಕಿಟಕೀಲಿ ಲಾಂಚ್ ಬರೋದು ಕಾಣ್ತಿತ್ತು. ಕಂಡ ಕೂಡ್ಲೆ ಎದ್ದು ಓಡಿದ್ರೆ ಸರಿ ಹೋಗ್ತಿತ್ತು." ಮೇಷ್ಟ್ರ ಮುಖ ಕಂಡು ಪಾಪ ಅನ್ನಿಸಿರಬೇಕು, "ಕ್ಲಾಸೂ ಚೆನ್ನಾಗೇ ಇತ್ತು ಸರ್" ಎಂದೂ ಸೇರಿಸಿದಳು. ಬಸ್ಸು ಹೊರಟಿತು.

ಹನ್ನೊಂದು ವರ್ಷ ಕಿಟಕಿಗೆ ಬೆನ್ನು ಹಾಕಿ ನಿಂತು ಪಾಠ ಮಾಡಿದ್ದ ಮನುಷ್ಯ ರಸ್ತೆಯ ನಡುವೆ ಹಾಗೇ ನಿಂತುಬಿಟ್ಟರು. ನಾಚಿಕೆಯಾಯಿತು, ಹಲಸಿನ ಕೊಂಬೆ ನೆನಪಾಗಿ ನಗುವೂ ಬಂತು. ಅಂದು ಕ್ಲಾಸು ತೆಗೆದುಕೊಳ್ಳಲಿಲ್ಲ.

ಶುಕ್ರವಾರ ಪ್ರಯೋಗಾಲಯದ ಬಾಗಿಲಿಗೆ ಬೀಗ ಹಾಕಲೆಂದೇ ಹೋದವರಿಗೆ ಒಳಗೆ ಮೂವರೂ ಕೂತಿರುವುದು ಕಂಡಿತು. ಬಿಂದು, ದಿನೇಶ್, ಉಮೇಶ್. ಮೂವರೂ ಈಚೆ ದಡದವರು, ನಡೆದುಹೋದರೆ ಹತ್ತು ನಿಮಿಷಕ್ಕೆ ಮನೆ. ಇವರು ಲಾಂಚಿಗೆ ಕಾದವರಲ್ಲ ಎಂಬುದು ಮೇಷ್ಟ್ರಿಗೆ ಆಗ ಹೊಳೆಯಿತು. ಎರಡು ತಿಂಗಳಿಂದ ಅವರು ಬಂದವರನ್ನು ಬಿಟ್ಟು ಬಾರದವರನ್ನೇ ನೋಡುತ್ತಿದ್ದರು. ಕೈ ತನ್ನ ಪಾಡಿಗೆ ತಾನು ಮಿಕ್ಸಿ ಬಿಚ್ಚುತ್ತಿತ್ತು, ಕಣ್ಣು ಖಾಲಿ ಬೆಂಚು ಎಣಿಸುತ್ತಿತ್ತು.

"ಬಿಂದು, ಬಾ ಇಲ್ಲಿ. ಇವತ್ತು ಈ ಮಿಕ್ಸಿ ನೀನು ಬಿಚ್ಚು."

ರಿಜಿಸ್ಟರ್ ಪ್ರಕಾರ ಬಿಂದು ಎರಡು ವರ್ಷದಲ್ಲಿ ತಪ್ಪಿಸಿದ್ದು ನಾಲ್ಕೇ ದಿನ. ಅವಳು ಸ್ಕ್ರೂಡ್ರೈವರನ್ನು ಸೌಟು ಹಿಡಿದ ಹಾಗೆ ಹಿಡಿದಳು. ತಿರುಗಿಸಿದಳು. ಸ್ಕ್ರೂ ಇನ್ನೂ ಬಿಗಿಯಾಯಿತು.

"ಆ ಕಡೆ ಅಲ್ಲ ಮಾರಾಯ್ತಿ. ಎರಡು ವರ್ಷದಿಂದ ಎಂತ ನೋಡ್ತಿದ್ದೆ?"

"ಬೆನ್ನು ನೋಡ್ತಿದ್ದೆ ಸರ್" ಎಂದಳು ಬಿಂದು, ಯಾವ ದೂರೂ ಇಲ್ಲದ ದನಿಯಲ್ಲಿ. "ಲಾಂಚಿನೋರು ಓಡಿಬಂದು ಮುಂದೆ ಕೂರ್ತಿದ್ರು. ನಾವು ಮೂವರೂ ಹಿಂದೆ ನಿಂತ್ಕೊಳ್ತಿದ್ವಿ. ಟೇಬಲ್ ಕಾಣ್ತಿರ್ಲಿಲ್ಲ. ಈಗ ಕಾಣ್ತದೆ, ಆದ್ರೆ ನೀವೇ ಬಿಚ್ತೀರಿ."

ಮೇಷ್ಟ್ರು ಟೇಬಲ್ಲಿನಿಂದ ಹಿಂದೆ ಸರಿದರು. ಸ್ಟೂಲಿನ ಮೇಲೆ ಕೂತು, ಕೈಗಳೆರಡನ್ನೂ ತೊಡೆಯ ಕೆಳಗೆ ಸಿಕ್ಕಿಸಿಕೊಂಡರು, ಅಭ್ಯಾಸಬಲದಿಂದ ಮುಂದೆ ಹೋಗದಿರಲಿ ಎಂದು. ನಾಲ್ಕು ಸ್ಕ್ರೂ ಬಿಚ್ಚಲು ಬಿಂದುವಿಗೆ ಅರ್ಧ ಗಂಟೆ ಹಿಡಿಯಿತು. ಸುಟ್ಟ ವೈರನ್ನು ಅವಳೇ ಕಂಡುಹಿಡಿದು ಬದಲಿಸಿದಳು. ಮಿಕ್ಸಿ ಗುರ್ರೆಂದಾಗ ಹೆದರಿ ಹಿಂದೆ ಹಾರಿದಳು, ಆಮೇಲೆ ಸುಮ್ಮಸುಮ್ಮನೆ ಮೂರು ಸಲ ಹಾಕಿ ಆರಿಸಿದಳು. ಸೋಮವಾರ ತನ್ನ ಸರದಿ, ತನ್ನ ಸರದಿ ಎಂದು ದಿನೇಶನೂ ಉಮೇಶನೂ ಜಗಳಕ್ಕೆ ಬಿದ್ದರು.

ಸೋಮವಾರ ಬೆಳಿಗ್ಗೆ ಕೃಷ್ಣಕುಮಾರ್ ಫಾರ್ಮಿನ ಮೇಲೆ ಕಣ್ಣಾಡಿಸಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಎಂತದ್ರೀ ಇದು? ಹೋದ ವರ್ಷ ಕಲಿತವರು ಅನ್ನೋ ಕಡೆ ಸೊನ್ನೆ ಹಾಕಿದೀರಿ. ಮೂವತ್ತೆಂಟು ಜನ ಇದ್ರಲ್ಲ?"

"ಅವರು ಲಾಂಚಿಗೆ ಕಾಯ್ತಿದ್ರು ಸರ್."

"ಈ ವರ್ಷ ಒಂದು ಅಂತಿದೆ. ಮೂರು ಜನ ಬರ್ತಾರೆ ಅಂದಿದ್ರಿ?"

"ಬರೋರು ಮೂರು ಜನ. ಕಲ್ತಿದ್ದು ಒಬ್ಳು."

ಹೆಡ್ಮಾಸ್ಟರು ಒಳ್ಳೆಯ ಮನುಷ್ಯ. ದನಿ ತಗ್ಗಿಸಿ, "ಹಳೇ ರಿಜಿಸ್ಟರ್‌ನ ಹೆಸರು ಹದಿನೈದು ಬರೆದು ತನ್ನಿ ಮಾರಾಯ್ರೇ, ಮೇಲಿನೋರು ಇಲ್ಲಿಗೆ ಬಂದು ತಲೆ ಎಣಿಸಲ್ಲ. ಹನ್ನೊಂದು ವರ್ಷದ ಕ್ಲಾಸು, ನಂಗೂ ಮುಚ್ಚೋಕೆ ಮನಸ್ಸಿಲ್ಲ" ಎಂದರು.

ಸುರೇಂದ್ರ ಮೇಷ್ಟ್ರು ಫಾರ್ಮನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ.

"ಹನ್ನೊಂದು ವರ್ಷ ಅಲ್ಲ ಸರ್, ಕ್ಲಾಸು ಶುರುವಾಗಿದ್ದೇ ಮೊನ್ನೆ ಶುಕ್ರವಾರ" ಎಂದರು. "ಮುಚ್ಚೋದಾದ್ರೆ ಇನ್ನೂ ಎರಡು ದಿನ ತಡ್ದು ಮುಚ್ಚಿ. ಇಬ್ರು ಬಾಕಿ ಇದಾರೆ."