ಚೆಲ್ಲಬೇಕಾದ ನೀರು

ಆಸ್ಪತ್ರೆಯ ಅಡುಗೆಮನೆಯಲ್ಲಿ ನನ್ನ ಕೈಯಲ್ಲಿ ಎರಡು ಪಾತ್ರೆ. ದೊಡ್ಡದು ಎಲ್ಲ ವಾರ್ಡುಗಳಿಗೆ, ಹಿಡಿ ಮುರಿದ ಚಿಕ್ಕದು ಕಿಡ್ನಿ ವಾರ್ಡಿಗೆ. ಚಿಕ್ಕದರಲ್ಲಿ ಆಲೂಗಡ್ಡೆ, ಕ್ಯಾರೆಟ್ಟನ್ನು ಸಣ್ಣಗೆ ಹೆಚ್ಚಿ ಹಾಕಿ, ತುಂಬ ನೀರಲ್ಲಿ ಕುದಿಸಿ, ಬಸಿದು, ಮತ್ತೆ ಹೊಸ ನೀರಲ್ಲಿ ಬೇಯಿಸುತ್ತೇನೆ. ಬಸಿದ ನೀರು ಸೀದಾ ಮೋರಿಗೆ.

ಮೊದಲ ವರ್ಷ ಹಾಗೆ ಚೆಲ್ಲಲು ನನಗೆ ಕೈಯೇ ಬರುತ್ತಿರಲಿಲ್ಲ. ತರಕಾರಿಯ ಸತ್ವವೆಲ್ಲ ಆ ನೀರಿಗೆ ಇಳಿದಿರುತ್ತದೆ ಎಂದು ಅಮ್ಮ ಹೇಳಿಕೊಟ್ಟಿದ್ದಳು. ಅದು ಸುಳ್ಳೂ ಅಲ್ಲ. ಆಗ ನನ್ನ ಅಕ್ಕನೇ ಆ ವಾರ್ಡಿನಲ್ಲಿದ್ದಳು. ಸೊರಗಿ ಕಡ್ಡಿಯಾಗಿದ್ದವಳಿಗೆ ಕದ್ದುಮುಚ್ಚಿ ದಿನಕ್ಕೊಂದು ಲೋಟ ಕುಡಿಸಿದೆ, ಚಿಟಿಕೆ ಮೆಣಸಿನಪುಡಿ ಉದುರಿಸಿ. ಐದನೆಯ ದಿನ ಅವಳ ಎದೆಬಡಿತ ಹಳಿ ತಪ್ಪಿತು. ಆ ನೀರಲ್ಲಿರುವ ಪೊಟ್ಯಾಸಿಯಂ ನಮ್ಮಂಥವರಿಗೆ ಬೇಕೇ ಬೇಕು, ಆದರೆ ಕಿಡ್ನಿ ಕೆಟ್ಟವರ ಮೈಯಿಂದ ಅದು ಹೊರಗೆ ಹೋಗುವುದಿಲ್ಲ, ರಕ್ತದಲ್ಲೇ ಏರಿ ಹೃದಯವನ್ನು ನಿಲ್ಲಿಸಿಬಿಡುತ್ತದೆ ಎಂದು ಪಥ್ಯದ ಡಾಕ್ಟರಮ್ಮ ಬೈಯುತ್ತಲೇ ತಿಳಿಸಿದರು. ಅಕ್ಕ ಹೇಗೋ ಬದುಕಿಕೊಂಡಳು. ಆ ಲೋಟವನ್ನು ನಾನು ಇವತ್ತಿಗೂ ಮರೆತಿಲ್ಲ.

ಹೋದ ವಾರ ಹೊಸ ಮೇಲ್ವಿಚಾರಕ ಬಂದ. ಮಾತಿಗೊಮ್ಮೆ ಮಣಿಕಟ್ಟು ನೋಡುತ್ತಾನೆಂದು ನಾವು ಅವನಿಗೆ ಗಡಿಯಾರ ಎಂದೇ ಹೆಸರಿಟ್ಟೆವು. ಎರಡೆರಡು ಸಲ ಬೇಯಿಸುವುದು ಗ್ಯಾಸಿಗೂ ದಂಡ, ಹೊತ್ತಿಗೂ ದಂಡ, ಇನ್ನು ಎಲ್ಲರಿಗೂ ಒಂದೇ ಪಾತ್ರೆ ಎಂದ. ನಾನು ಬಿಡಿಸಿ ಹೇಳಿದೆ. ಸೌಟು ಹಿಡಿದವಳು ಡಾಕ್ಟರಿಕೆ ಮಾಡಬೇಡ ಎಂದ. ಡಾಕ್ಟರಮ್ಮ ಸೋಮವಾರದವರೆಗೆ ರಜೆ. ಇವತ್ತು ಬೆಳಿಗ್ಗೆ ನೋಡಿದರೆ ಚಿಕ್ಕ ಪಾತ್ರೆಯೇ ಇಲ್ಲ. ಉಗ್ರಾಣಕ್ಕೆ ಸೇರಿಸಿ ಬೀಗ ಜಡಿದಿದ್ದ.

ಮೈಯೆಲ್ಲ ಉರಿದುಹೋಯಿತು. ಮಧ್ಯಾಹ್ನ ಗಡಿಯಾರ ತಾನೇ ದೊಡ್ಡ ಪಾತ್ರೆಯಿಂದ ತರಕಾರಿಯನ್ನು ನೀರಿನ ಸಮೇತ ಕಿಡ್ನಿ ವಾರ್ಡಿನ ಡಬ್ಬಿಗೆ ತುಂಬಿ ಗಾಡಿಗಿಟ್ಟ. ನಾನು ಆ ಡಬ್ಬಿ ಎತ್ತಿಕೊಂಡು ಹೋಗಿ ಅವನ ಕಣ್ಣೆದುರೇ ಮೋರಿಗೆ ಸುರಿದೆ.

“ನಾಳೆಯಿಂದ ಬರಬೇಡ,” ಎಂದ. ಆಗ ಮಾತ್ರ ಮಣಿಕಟ್ಟು ನೋಡಲಿಲ್ಲ.

“ಬರ್ತೀನಿ. ಪಾತ್ರೆನೂ ಮನೆಯಿಂದಲೇ ತರ್ತೀನಿ. ನನ್ನನ್ನ ಈ ಒಲೆಯಿಂದ ಎಬ್ಬಿಸಬೇಕಾದ್ರೆ, ಈ ನೀರು ಕುಡಿದ್ರೆ ಅವರಿಗೆ ಏನೂ ಆಗಲ್ಲ ಅಂತ ನೀವು ಬರೆದು ಸಹಿ ಹಾಕಿ ಕೊಡಿ.”

ಅವನು ಜೇಬಿನ ಪೆನ್ನು ಮುಟ್ಟಿದ, ತೆಗೆಯಲಿಲ್ಲ. ದೂರು ಕೊಡುತ್ತೇನೆಂದು ಗೊಣಗುತ್ತಾ ಹೊರಗೆ ಹೋದ. ಪಾತ್ರೆ ತೊಳೆಯುವಾಕೆ ಚಹಾದ ಪಾತ್ರೆಯನ್ನು ಉಜ್ಜಿ ನನ್ನ ಮುಂದಿಟ್ಟಳು. ಮೊದಲಿಂದ ಹೆಚ್ಚಿದೆ, ಕುದಿಸಿದೆ, ಬಸಿದೆ, ಮತ್ತೆ ಬೇಯಿಸಿದೆ.

ಊಟ ಒಂದು ಗಂಟೆ ತಡವಾಯಿತು. ಗಾಡಿ ನಾನೇ ತಳ್ಳಿಕೊಂಡು ಹೋದೆ. ಅಕ್ಕ ಈಗಲೂ ವಾರಕ್ಕೆ ಮೂರು ದಿನ ಆ ವಾರ್ಡಿಗೆ ಬಂದು, ರಕ್ತ ತೊಳೆಯುವ ಯಂತ್ರದ ಪಕ್ಕ ಮಲಗುತ್ತಾಳೆ. ಇವತ್ತು ಅವಳ ಸರದಿ. ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದಳು.

“ಇಷ್ಟು ಹೊತ್ತು ಕಾಯಿಸಿ ಇದೇ ಸಪ್ಪೆನಾ?”

ತಟ್ಟೆಯನ್ನು ಅವಳ ಹತ್ತಿರಕ್ಕೆ ಸರಿಸಿದೆ.

“ಸಪ್ಪೆನೇ. ನಾನಿರೋವರೆಗೂ ನಿನಗೆ ಸಪ್ಪೆನೇ. ಸುಮ್ನೆ ತಿನ್ನು.”