ಹಳದಿ ಗ್ಯಾಲರಿಯಲ್ಲಿ ನೀಲಿ ಅಪ್ಪ

ನನ್ನ ಅಪ್ಪ ಬಸ್ ಡ್ರೈವರ್. ಬಸ್ಸಿಗೆ ಹಾರ್ನ್ ಇತ್ತು ನಿಜ, ಆದರೆ ಅಪ್ಪ ಅದನ್ನು ನಂಬಿಕೊಂಡಿರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಒಂದು ಸಲ ಕೂಗಿದರೆ ಸಾಕು, ಮುಂದಿದ್ದ ಲಾರಿ ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು. ಅಂಥವನಿಗೆ ಬಾಯಿ ಮುಚ್ಚಿಕೊಂಡು ಫುಟ್‌ಬಾಲ್ ನೋಡುವುದನ್ನು ಕಲಿಸಲು ಹೊರಟೆವಲ್ಲ, ನಮ್ಮ ಬುದ್ಧಿಗೆ ಏನು ಹೇಳೋಣ!

ಅಪ್ಪನ ಊರಿನದು ನೀಲಿ ತಂಡ, ನಾನು ಮದುವೆಯಾಗಿ ಸೇರಿದ ಊರಿನದು ಹಳದಿ. ಎರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ನನ್ನ ಗಂಡ ವಾರವಿಡೀ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಾನೆ, ಭಾನುವಾರ ಬಂತೆಂದರೆ ಗೋಲ್‌ಪೋಸ್ಟ್ ಹಿಂದಿನ ಗ್ಯಾಲರಿಯಲ್ಲಿ ನಿಂತು ಹಳದಿಯವರಿಗೆ ಡ್ರಮ್ ಬಾರಿಸುತ್ತಾನೆ. ಆ ಗ್ಯಾಲರಿಯಲ್ಲಿ ಯಾರೂ ಕೂರುವುದಿಲ್ಲ, ಸುಮ್ಮನಿರುವುದಂತೂ ಇಲ್ಲವೇ ಇಲ್ಲ. ಈ ಡ್ರಮ್ಮಿನ ವಿಷಯ ಅಪ್ಪನ ಕಿವಿಗೆ ಬಿದ್ದದ್ದು ಮದುವೆಯಾದ ಮೇಲೆ. ಅವತ್ತಿನಿಂದ ಅಳಿಯನ ಜೊತೆ ನೇರವಾಗಿ ಒಂದು ಮಾತೂ ಆಡಿಲ್ಲ. ಎದುರುಬದುರು ಊಟಕ್ಕೆ ಕೂತಾಗಲೂ "ಉಪ್ಪು ಕೊಡೋಕೆ ನಿನ್ನ ಗಂಡನಿಗೆ ಹೇಳು" ಅನ್ನುತ್ತಾನೆ. ಗಂಡ ಉಪ್ಪಿನ ಡಬ್ಬಿಯನ್ನು ನನಗೆ ಕೊಡುತ್ತಾನೆ, ನಾನು ಅಪ್ಪನಿಗೆ ಕೊಡುತ್ತೇನೆ. ಒಂದೇ ಮೇಜಿನ ಮೇಲೆ ಅಂಚೆ ಹಂಚಿ ಹಂಚಿ ನನಗೆ ಸಾಕುಸಾಕಾಗಿತ್ತು. ನಾನು ಪ್ರಾಣವನ್ನೇ ಇಟ್ಟುಕೊಂಡಿರುವ ಇಬ್ಬರೂ ಹೀಗೆ ಮುಖ ತಿರುಗಿಸಿ ಕೂತರೆ ಹೊಟ್ಟೆ ಉರಿಯುವುದಿಲ್ಲವೆ? ಹೇಗಾದರೂ ಇವರನ್ನು ಮಾತಾಡಿಸಿಯೇ ತೀರುತ್ತೇನೆ ಎಂದು ಪಣ ತೊಟ್ಟಿದ್ದೆ.

ಅಷ್ಟರಲ್ಲಿ ಎರಡು ತಂಡಗಳ ಪಂದ್ಯ ನಮ್ಮೂರಿಗೇ ಬಂತು. ಅಪ್ಪ ಹಿಂದಿನ ದಿನ ಬೆಳಿಗ್ಗೆಯೇ ಓಡೋಡಿ ಬಂದ. ಬಂದು ನೋಡಿದರೆ ನೀಲಿಯವರಿಗೆಂದು ಜಾಲರಿ ಹಾಕಿ ಬೇರೆ ಮಾಡಿದ್ದ ಗ್ಯಾಲರಿಯ ಟಿಕೆಟ್ ಎಲ್ಲ ಖಾಲಿ. ಅಪ್ಪನ ಮುಖ ನೋಡಲಾಗಲಿಲ್ಲ.

"ಮಾವನ್ನ ನಮ್ಮ ಗ್ಯಾಲರಿಗೇ ಕರ್ಕೊಂಡು ಹೋಗೋಣ," ಅಂದ ಗಂಡ, ನನ್ನನ್ನು ನೋಡಿ.

"ಅಲ್ಲಿ ನೀಲಿಯವರು ಕೈಗೆ ಸಿಕ್ಕಿದ್ರೆ ಏನ್ ಮಾಡ್ತಾರೆ ಅಂತ ನಿನ್ನ ಗಂಡನ್ನ ಕೇಳು," ಅಂದ ಅಪ್ಪ, ಅವನೂ ನನ್ನನ್ನೇ ನೋಡಿ.

ಗಂಡ ಗಲ್ಲ ಕೆರೆದುಕೊಂಡ. "ಸಿಗದೇ ಇದ್ರೆ ಒಳ್ಳೇದು."

ಹಿಂದೊಮ್ಮೆ ಅಲ್ಲಿ ನೀಲಿ ಬಾವುಟ ಬೀಸಿ ಕುಣಿದವನೊಬ್ಬ ಮೂಗು ಮುರಿಸಿಕೊಂಡಿದ್ದ. ಆ ಮೂಗಿನ ಎಕ್ಸ್‌ರೇ ತೆಗೆದವನು ನನ್ನ ಗಂಡನೇ.

ಸರಿ, ಶನಿವಾರವೆಲ್ಲ ಅಡುಗೆಮನೆಯಲ್ಲಿ ತಾಲೀಮು. ನೀಲಿಯವರು ಗೋಲ್ ಹೊಡೆದಾಗ ಅಪ್ಪ ಎರಡೂ ಕೈ ತಲೆ ಮೇಲಿಟ್ಟುಕೊಂಡು "ಅಯ್ಯೋ, ಕೆಟ್ಟೆವಲ್ಲಪ್ಪೋ!" ಎಂದು ಗೋಳಿಡಬೇಕು. ನಾನು ಪಾತ್ರೆ ತೊಳೆಯುತ್ತ ಇದ್ದಕ್ಕಿದ್ದಂತೆ "ಗೋಲ್!" ಎಂದು ಕಿರುಚುವುದು, ಅಪ್ಪ ಗೋಳಿಡುವುದು. ಮೊದಮೊದಲು ಕೈ ತಲೆಗೆ ಹೋದರೂ ಬಾಯಿ ಕಿವಿಯವರೆಗೆ ಹಿಗ್ಗುತ್ತಿತ್ತು.

"ಉಸಿರು ಬಿಗಿಹಿಡಿಯೋಕೆ ಹೇಳು," ಅಂದ ಗಂಡ. "ನಮ್ಮ ಪೇಷಂಟ್‌ಗಳೆಲ್ಲ ಹಾಗೇ ಅಲುಗಾಡದೆ ನಿಲ್ಲೋದು."

ಉಸಿರು ಹಿಡಿದ ಮೇಲೆ ನಗು ಹಿಂದೆ ಸರಿಯಿತು. ಸಂಜೆಯ ಹೊತ್ತಿಗೆ ಅಪ್ಪ ಎಷ್ಟು ಪಳಗಿದನೆಂದರೆ, ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದವನು ನನ್ನ ಕೂಗು ಕೇಳಿ ಸೋಪಿನ ಕೈಯನ್ನೇ ತಲೆ ಮೇಲಿಟ್ಟು ಗೋಳಾಡಿಬಿಟ್ಟ. ಪಕ್ಕದ ಮನೆಯಾಕೆ ಬಾಗಿಲು ತಟ್ಟಿ, ಯಾರು ತೀರಿಕೊಂಡರು ಎಂದು ಮೆಲ್ಲನೆ ಕೇಳಿದಳು. ನಾವು ಮೂವರೂ ಬಿದ್ದು ಬಿದ್ದು ನಕ್ಕೆವು, ಆದರೆ ಅವರಿಬ್ಬರು ಬೇರೆ ಬೇರೆ ಗೋಡೆ ನೋಡುತ್ತ ನಕ್ಕರು.

ಮರುದಿನ ಅಪ್ಪನಿಗೆ ಗಂಡನ ಹಳದಿ ಅಂಗಿ ತೊಡಿಸಿದೆವು. ಹೊಟ್ಟೆಯ ಹತ್ತಿರ ಹೊಲಿಗೆ ಕಿರುಗುಟ್ಟಿತು, ಮೇಲೊಂದು ಕೋಟು ಹಾಕಿ ಮರೆಮಾಡಿದ್ದಾಯಿತು. ಗ್ಯಾಲರಿಗೆ ಕಾಲಿಟ್ಟರೆ ಕುಣಿಯುವ ಕಾಲುಗಳಿಗೆ ಕಾಂಕ್ರೀಟೇ ನಡುಗುತ್ತಿತ್ತು. ಎದುರಿನ ಕಟಕಟೆ ಹತ್ತಿ, ಮೈದಾನಕ್ಕೆ ಬೆನ್ನು ಮಾಡಿ, ಮೈಕು ಹಿಡಿದು ಎಲ್ಲರನ್ನೂ ಹಾಡಿಸುತ್ತಿದ್ದವನು ಗುಡುಗಣ್ಣ. ಗೂಳಿಯಂಥ ಆಳು. ಸೋಮವಾರದಿಂದ ಶುಕ್ರವಾರದವರೆಗೆ ಶಿಶುವಿಹಾರದ ಮೇಷ್ಟ್ರು.

ಆಟ ಶುರುವಾಗಿ ಇನ್ನೂ ಬೆವರು ಬಂದಿರಲಿಲ್ಲ, ನೀಲಿಯವರು ಗೋಲ್ ಹೊಡೆದೇಬಿಟ್ಟರು. ಅಪ್ಪನ ಕೈ ತಲೆಗೆ ಹೋಯಿತು. "ಅಯ್ಯೋ, ಕೆಟ್ಟೆವಲ್ಲಪ್ಪೋ!" ಒಳಗಿನ ಖುಷಿಗೆ ಹೊರಬರಲು ಬೇರೆ ದಾರಿಯೇ ಇರಲಿಲ್ಲ, ಕಣ್ಣಲ್ಲಿ ದಳದಳ ನೀರಾಗಿ ಇಳಿಯಿತು. ಗುಡುಗಣ್ಣ ಕಟಕಟೆಯಿಂದ ಇಳಿದು ಬಂದು ಅಪ್ಪನನ್ನು ತಬ್ಬಿಕೊಂಡ.

"ಅಳಬೇಡಿ ಯಜಮಾನ್ರೇ, ಇನ್ನೂ ಟೈಮಿದೆ," ಎಂದು ಬೆನ್ನು ಸವರಿದ. ಆಮೇಲೆ ಮೈಕಿನಲ್ಲಿ, "ನೋಡಿ ಕಲೀರೋ! ಅಭಿಮಾನ ಅಂದ್ರೆ ಇದು!"

ಒಬ್ಬ ನೀರು ಕುಡಿಸಿದ, ಇನ್ನೊಬ್ಬ ತನ್ನ ಕರ್ಚೀಫು ಕೊಟ್ಟ. ನಾನು ನಗು ತಡೆಯಲಾರದೆ ನನ್ನ ತೋಳನ್ನೇ ಕಚ್ಚಿಕೊಂಡೆ. ಗಂಡ ಅತ್ತ ತಿರುಗಿ ಡ್ರಮ್ ಬಾರಿಸುತ್ತಿದ್ದ, ಅವನ ಭುಜ ಮಾತ್ರ ತಾಳ ತಪ್ಪಿ ಕುಲುಕುತ್ತಿತ್ತು.

ನಾವು ಮೂರು ಜನ ಬುದ್ಧಿವಂತರಿಗೂ ಒಂದು ವಿಷಯ ಹೊಳೆದಿರಲಿಲ್ಲ. ಹಳದಿಯವರು ಗೋಲ್ ಹೊಡೆದರೆ ಏನು ಮಾಡಬೇಕೆಂದು ಅಪ್ಪನಿಗೆ ನಾವು ಕಲಿಸಿಯೇ ಇರಲಿಲ್ಲ. ದಿನವಿಡೀ ನಾನು ಕಿರುಚಿದ್ದು ಬರೀ "ಗೋಲ್" ಎಂದು.

ವಿರಾಮದ ನಂತರ ಹಳದಿಯವರು ಹೊಡೆದ ಚೆಂಡು ಬಲೆಗೆ ಬಿತ್ತು. ಇಡೀ ಗ್ಯಾಲರಿ "ಗೋಲ್!" ಎಂದು ಹಾರಿತು. ಅಪ್ಪನ ಕೈ ತಲೆಗೆ ಹೋಯಿತು.

"ಅಯ್ಯೋ, ಕೆಟ್ಟೆವಲ್ಲಪ್ಪೋ!"

ಬಸ್ ಡ್ರೈವರನ ಗಂಟಲು. ಡ್ರಮ್ಮು, ಹಾಡು, ಶಿಳ್ಳೆ ಎಲ್ಲವನ್ನೂ ಸೀಳಿಕೊಂಡು ಹೋಯಿತು. ಸುತ್ತಮುತ್ತ ಕುಣಿಯುತ್ತಿದ್ದವರು ಒಬ್ಬೊಬ್ಬರಾಗಿ ನಿಂತರು.

"ಯಜಮಾನ್ರೇ," ಅಂದ ಕರ್ಚೀಫು ಕೊಟ್ಟವನು, "ಗೋಲ್ ಹೊಡೆದಿದ್ದು ನಾವು."

ಅಪ್ಪನ ಕೈ ಇನ್ನೂ ತಲೆ ಮೇಲೇ ಇತ್ತು. "ಇವ್ನು ನೀಲಿಯವನು ಕಣ್ರೋ!" ಎಂದು ಹಿಂದಿನಿಂದ ಯಾರೋ ಕೂಗಿದರು. ಒಂದು ಕೈ ಅಪ್ಪನ ಕಾಲರ್ ಹಿಡಿಯಿತು. ನನಗೆ ಆ ಮುರಿದ ಮೂಗು ನೆನಪಾಯಿತು.

ಗಂಡ ಡ್ರಮ್ ಕೋಲು ಬಿಸಾಕಿ, ಜನರನ್ನು ತಳ್ಳಿಕೊಂಡು ಬಂದು ಅಪ್ಪನ ಮುಂದೆ ನಿಂತ. "ಇವರು ನಮ್ಮ ಮಾವ. ಕರ್ಕೊಂಡು ಬಂದಿದ್ದು ನಾನು. ಹೊಡೆಯೋದಿದ್ರೆ ನನಗೆ ಹೊಡೀರಿ."

ಗುಡುಗಣ್ಣ ಬಂದ. "ಕೈ ತೆಗಿ," ಅಂದ, ಮಕ್ಕಳಿಗೆ ಹೇಳುವ ದನಿಯಲ್ಲಿ. ಕೈ ಕಾಲರ್ ಬಿಟ್ಟಿತು. "ನಮ್ಮ ಗ್ಯಾಲರಿ ಕಾನೂನು ಗೊತ್ತಲ್ಲ? ಬಂದವರ ಕೂದಲೂ ಕೊಂಕಬಾರದು. ಕರ್ಕೊಂಡು ಬಂದವನೇ ಅವರನ್ನ ಅವರ ಜಾಗಕ್ಕೆ ಮುಟ್ಟಿಸ್ಬೇಕು, ಆಟ ಮುಗಿಯೋವರೆಗೂ ಅಲ್ಲೇ ಅವರ ಜೊತೆ ನಿಂತು ನೋಡ್ಬೇಕು."

ಮೂಗಿನ ರಾದ್ಧಾಂತವಾದ ಮೇಲೆ ಮಾಡಿದ ಕಾನೂನಂತೆ. ನನ್ನ ಗಂಡನ ಮುಖ ನೋಡಿದರೆ, ಇದಕ್ಕಿಂತ ಎರಡೇಟು ಹಾಕಿದ್ದರೇ ವಾಸಿಯಿತ್ತು ಅನ್ನುವ ಹಾಗಿತ್ತು.

ಗುಡುಗಣ್ಣ ತಾನೇ ಮುಂದೆ ನಡೆದು, ಸುತ್ತ ತನ್ನ ಹುಡುಗರ ಕೋಟೆ ಕಟ್ಟಿ, ನಮ್ಮನ್ನು ನೀಲಿಯವರ ಜಾಲರಿಯವರೆಗೆ ಬಿಟ್ಟ. "ಆ ಅಳು ಮಾತ್ರ ಅದ್ಭುತ, ಯಜಮಾನ್ರೇ," ಎಂದು ಕೈ ಕುಲುಕಿದ. ಬಾಗಿಲ ಪೊಲೀಸಿನವನು ನಮ್ಮ ಕಥೆ ಅರ್ಧ ಕೇಳಿ, "ಮೂರೂ ಜನ ಒಳಗೆ ಹೋಗಿ, ಕಂಬದ ಪಕ್ಕ ಸುಮ್ನೆ ನಿಂತ್ಕೊಳ್ಳಿ," ಎಂದು ತಳ್ಳಿದ. ಅಪ್ಪ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡ. ಗಂಡ ಮರೆಯಲ್ಲಿ ತನ್ನ ಹಳದಿ ಅಂಗಿಯನ್ನು ಒಳಗಿನದು ಹೊರಗೆ ಮಾಡಿ ತೊಟ್ಟ. ಸುತ್ತಲೂ ನೀಲಿ ಸಮುದ್ರ. ಕೈಗೆ ಡ್ರಮ್ಮಿಲ್ಲದೆ ಅವನ ಬೆರಳುಗಳು ತೊಡೆಯ ಮೇಲೆ ತಟಪಟ ಅನ್ನುತ್ತಿದ್ದವು. ಅಪ್ಪ ಅದನ್ನು ಓರೆಗಣ್ಣಲ್ಲಿ ನೋಡುತ್ತಲೇ ಇದ್ದ.

ಇನ್ನೇನು ಕೊನೆಯ ಸೀಟಿ ಊದಬೇಕು, ಹಳದಿಯವರು ಇನ್ನೊಂದು ಗೋಲ್ ಹೊಡೆದರು. ಗೆದ್ದೇಬಿಟ್ಟರು! ನಮ್ಮ ಸುತ್ತಲಿನವರೆಲ್ಲ ಹೆಣದಂತೆ ನಿಂತರು. ನನ್ನ ಗಂಡ ಒಬ್ಬನೇ ತುಟಿ ಕಚ್ಚಿ, ಮುಖ ಕೆಂಪಗೆ ಮಾಡಿಕೊಂಡು, ಉಕ್ಕುವ ಹಾಲಿನ ಹಾಗೆ ಅಂಚಿಗೆ ಬಂದು ನಿಂತಿದ್ದ. ಈಗ ಕೂಗುತ್ತಾನೆ, ಸತ್ತೆವು ಎಂದುಕೊಂಡೆ. ಅಪ್ಪ ನನ್ನ ಕಡೆ ತಿರುಗಲೇ ಇಲ್ಲ.

"ಬಾರೋ ಇಲ್ಲಿ," ಎಂದು ಗಂಡನ ಕತ್ತು ಹಿಡಿದು ಎಳೆದ. ಗುಂಡಿ ಬಿಚ್ಚಿ, ಅವನ ತಲೆಯನ್ನು ಕೋಟಿನೊಳಗೆ ತೂರಿಸಿ, ಮೇಲಿನಿಂದ ಮುಚ್ಚಿದ. "ಇಲ್ಲಿ ಕೂಗು. ಎಷ್ಟು ಬೇಕೋ ಅಷ್ಟು ಕೂಗ್ಕೋ."

ಕೋಟಿನೊಳಗಿಂದ "ಗೋ...ಲ್" ಎಂದು ಏನೋ ಗುಮ್ಮೆಂದಿತು. ಅಪ್ಪನ ಹೊಟ್ಟೆ ಅದುರಿತು. ಅದು ಹೊರಗೆ ಕೇಳದಿರಲೆಂದು ಅಪ್ಪ ಜೋರಾಗಿ ಅಳತೊಡಗಿದ. ತಂಡ ಸೋತಿತ್ತಲ್ಲ, ಈ ಸಲ ನಟಿಸಬೇಕಾದ ಕಷ್ಟವೂ ಇರಲಿಲ್ಲ. ನಾನು ಕಂಬಕ್ಕೆ ಒರಗಿ ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ.

ಪಕ್ಕದ ನೀಲಿ ಟೋಪಿಯ ಮುದುಕ ಕೋಟಿನಡಿ ಕುಲುಕುವ ಬೆನ್ನನ್ನು ನೋಡಿ ಕರಗಿಹೋದ. "ಪಾಪ, ತುಂಬಾ ನೊಂದ್ಕೊಂಡಿದ್ದಾನೆ. ಯಾರು, ನಿಮ್ಮ ಹುಡುಗನಾ?"

"ಹೂಂ, ನಮ್ಮ ಹುಡುಗನೇ," ಅಂದ ಅಪ್ಪ, ಕೋಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು. "ಸೋಲು ಅಂದ್ರೆ ಇವನಿಗೆ ತಡ್ಕೊಳ್ಳೋಕೆ ಆಗಲ್ಲ."